ಅನ್ಯರ ನೆರವು

ನಮ್ಮ ಮನೆಯವರು ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋಗುವ ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರ್ ಆಗಿದ್ದರು. ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ನಾನು ಮದುವೆಯಾಗಿ ಹೊಳಲ್ಕೆರೆಗೆ ಬಂದು ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಮನೆಯಲ್ಲಿ ನಾವಿಬ್ಬರು, ನಮ್ಮತ್ತೆ, ಅಷ್ಟೇ. ಇವರು ಎತ್ತರದ ಆಳು. ಬಾಗಿಲಲ್ಲಿ ಬಗ್ಗಿಯೇ ಒಳಗೆ ಬರುತ್ತಿದ್ದರು. ದನಿಯೂ ಹಾಗೇ ದೊಡ್ಡದು. ಬಸ್ಸಿನಲ್ಲಿ ಯಾರಾದರೂ ಪೇಪರ್ ತಂದಿದ್ದರೆ ಇಸಕೊಂಡು ನಾಲ್ಕು ಜನಕ್ಕೆ ಕೇಳುವ ಹಾಗೆ ಓದಿ ಹೇಳುವುದು ಇವರಿಗೆ ಒಂದು ಖುಷಿ. ಏಳನೇ ಕ್ಲಾಸು ಮುಗಿಸಿದವರು. ಆದರೆ ಪೇಪರಿನ ಭಾಷೆಯಲ್ಲಿ ಮಾತಾಡಿದರೆ ಹೈಸ್ಕೂಲು ಮೇಷ್ಟ್ರು ಅನ್ನಬೇಕಿತ್ತು.

ಆವತ್ತು ಬಸ್ಸಿನ ಕ್ಲೀನರ್ ಬಂದಿರಲಿಲ್ಲ. ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ತೆಂಗಿನಕಾಯಿ ಚೀಲ ಇಳಿಸಬೇಕಾಗಿ ಬಂದು ಇವರೇ ಹಿಂದಿನ ಏಣಿ ಹತ್ತಿ ಟಾಪಿನ ಮೇಲೆ ಹೋದರು. ಒಂದು ಚೀಲದ ಬಾಯಿ ಬಿಚ್ಚಿಕೊಂಡು ಕಾಯಿ ಉರುಳಿದವು. ಉರುಳುತ್ತಿದ್ದ ಕಾಯಿಯ ಮೇಲೆ ಕಾಲಿಟ್ಟರಂತೆ. ಕೆಳಗೆ ನಿಂತಿದ್ದವರು ಅಷ್ಟನ್ನು ನೋಡಿದ್ದರು. ಆಮೇಲೆ ಇವರು ನೆಲದ ಮೇಲೆ ಬಿದ್ದಿದ್ದನ್ನು ನೋಡಿದರು. ಎಡಗಡೆ ಸೊಂಟದ ಕೆಳಗೆ, ತೊಡೆ ಸೇರುವ ಕಡೆ ಏಟು ಬಿದ್ದಿತ್ತು. ಏಳಲು ಹೋದರೆ ಕಾಲು ಅವರ ಮಾತು ಕೇಳಲಿಲ್ಲ.

ನಾನು ಆಗ ಮನೆಯ ಮುಂದೆ ಶೇಂಗಾ ಸುಲಿಯುತ್ತಿದ್ದೆ. ಮಂಡಿಯವರು ಬಿತ್ತನೆಗೆಂದು ಚೀಲದಲ್ಲಿ ತಂದು ಕೊಡುತ್ತಿದ್ದರು, ಓಣಿಯ ಹೆಂಗಸರೆಲ್ಲ ಸುಲಿದು ಕೊಡುತ್ತಿದ್ದೆವು. ಬಾಗಿಲ ಹಲಗೆಯೊಂದರ ಮೇಲೆ ಇವರನ್ನು ಮಲಗಿಸಿಕೊಂಡು ನಾಲ್ಕು ಜನ ಹೊತ್ತು ತಂದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನನ್ನನ್ನು ನೋಡಿ, "ಏನಿಲ್ಲ, ಉಳುಕೈತೆ" ಅಂದರು.

ಉಳುಕು ಎಂದೇ ನಂಬಿ ನಾಟಿ ಕಟ್ಟು ಕಟ್ಟುವ ಅಜ್ಜನೊಬ್ಬನನ್ನು ಕರೆಸಿದೆವು. ಕೋಳಿಮೊಟ್ಟೆ, ಉದ್ದಿನಹಿಟ್ಟು, ಯಾವುದೋ ಸೊಪ್ಪಿನ ರಸ ಕಲಸಿ ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಬಿಗಿದು ಕಟ್ಟಿದ. ಕೈಮುರಿದವರು, ಮೊಣಕಾಲು ಕೆಳಗೆ ಮುರಿದವರು ಅವನ ಕಟ್ಟಿನಿಂದ ಎಷ್ಟೋ ಜನ ಗುಣವಾಗಿದ್ದರು. ಅವನದೇನೂ ಮೋಸವಿಲ್ಲ. ಆದರೆ ಇವರ ಮೂಳೆ ಮುರಿದಿದ್ದ ಜಾಗ ಯಾವ ದಬ್ಬೆಗೂ ಸಿಗದಷ್ಟು ಒಳಗಿತ್ತು. ತಿಂಗಳುಗಟ್ಟಲೆ ಮಲಗಿಸಿ ಕೊನೆಗೆ ಕಟ್ಟು ಬಿಚ್ಚಿದಾಗ ಎಡಗಾಲು ಗಿಡ್ಡವಾಗಿತ್ತು, ಪಾದ ಹೊರಕ್ಕೆ ತಿರುಗಿಕೊಂಡಿತ್ತು. ಇವರು ಅದನ್ನು ಬಹಳ ಹೊತ್ತು ನೋಡಿದರು. ನಮ್ಮತ್ತೆ ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಹೋದರು.

ಅಲ್ಲಿಂದ ಮುಂದಿನ ದಿನಗಳನ್ನು ಹೇಗೆ ಹೇಳಬೇಕೋ ಗೊತ್ತಾಗುವುದಿಲ್ಲ. ಇವರು ಕೂತರೂ ನೋವು, ಮಲಗಿದರೂ ನೋವು. ಮಗ್ಗುಲು ಬದಲಿಸಲು ನಾನು ಬೇಕು. ಸ್ನಾನಕ್ಕೆ ನಾನು ಬೇಕು. ಎಲ್ಲಕ್ಕಿಂತ ಕಷ್ಟ ಬಯಲಿಗೆ ಹೋಗುವುದು. ನಮ್ಮ ಮನೆಯಲ್ಲಿ ಕಕ್ಕಸು ಇರಲಿಲ್ಲ, ಓಣಿಯಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಹಿತ್ತಲ ಹಿಂದೆ ಜಾಲಿಗಿಡಗಳ ಬಯಲು. ಬೆಳಕು ಹರಿಯುವ ಮೊದಲು ಇವರನ್ನು ಬೆನ್ನ ಮೇಲೆ ಹಾಕಿಕೊಳ್ಳುತ್ತಿದ್ದೆ. ನಾನು ಇವರ ಎದೆಮಟ್ಟಕ್ಕೆ ಬರುವ ಹೆಂಗಸು. ಇವರ ಕಾಲು ನೆಲಕ್ಕೆ ಎಳೆಯುತ್ತಿತ್ತು, ಎಳೆದಾಗೆಲ್ಲ ಕಿವಿಯ ಹತ್ತಿರ ಹಲ್ಲು ಕಡಿಯುವುದು ಕೇಳುತ್ತಿತ್ತು. ಕುಕ್ಕರುಗಾಲಲ್ಲಿ ಕೂರಲು ಆಗದು. ಎರಡು ದಪ್ಪ ಕಲ್ಲು ಇಟ್ಟು, ಅದರ ಮೇಲೆ ಕೂರಿಸಿ, ನಾನು ಹಿಂದಿನಿಂದ ಕಂಕುಳಿಗೆ ಕೈ ಕೊಟ್ಟು ಹಿಡಿದುಕೊಂಡು ಮುಖ ಬೇರೆ ಕಡೆ ತಿರುಗಿಸಿ ನಿಲ್ಲುತ್ತಿದ್ದೆ.

ಇವರ ಬಸ್ಸಿನ ಡ್ರೈವರ್ ಒಂದು ಸಲ ನೋಡಲು ಬಂದು, "ದುರ್ಗದಾಗೆ ಆಸ್ಪತ್ರೆಗೆ ತೋರಿಸ್ರಿ, ಇಂಗೆ ಮಲಗಿಸ್ಕಂಡ್ರೆ ಆಗಲ್ಲ" ಅಂದರು. ಚಿತ್ರದುರ್ಗದಲ್ಲಿ ಆಗ ದಾನಿಗಳು ಸೇರಿ ನಡೆಸುತ್ತಿದ್ದ ಒಂದು ಚಿಕ್ಕ ಆಸ್ಪತ್ರೆ ಇತ್ತು. ಈಗ ಅದಿಲ್ಲ. ಇವರದೇ ಬಸ್ಸಿನಲ್ಲಿ ಇವರನ್ನು ಎತ್ತಿ ಮಲಗಿಸಿಕೊಂಡು ಹೋದೆವು. ದಾರಿಯುದ್ದಕ್ಕೂ ಹತ್ತಿದವರು ಗುರುತು ಹಿಡಿದು, "ಅಯ್ಯೋ, ಕಂಡಕ್ಟ್ರೇ" ಅನ್ನುತ್ತಿದ್ದರು. ಇವರು ನಗುತ್ತಿದ್ದರು. ನೋವಿನಲ್ಲಿರುವವರು ಹಾಗೆ ನಗುವುದನ್ನು ನೋಡುವುದಕ್ಕಿಂತ ಅಳುವುದನ್ನು ನೋಡುವುದು ಸುಲಭ.

ಎಕ್ಸರೇ ತೆಗೆದರು. ತೊಡೆಮೂಳೆಯ ಮೇಲಿನ ಗುಂಡು, ಅದರ ಕುತ್ತಿಗೆ ಮುರಿದು ಬೇರೆಯಾಗಿದೆ, ಕೂಡಿಕೊಂಡಿಲ್ಲ, ಆಪರೇಷನ್ ಆಗಲೇಬೇಕು, ಇಲ್ಲಿ ಆಗುವುದಿಲ್ಲ ಅಂದರು. ಬೆಂಗಳೂರಿನಿಂದ ಆಗಾಗ ಮೂಳೆ ಡಾಕ್ಟರುಗಳು ಬರುತ್ತಾರೆ, ಕೆಲವರನ್ನು ಆರಿಸಿಕೊಂಡು ಹೋಗಿ ಅಲ್ಲಿ ಪುಕ್ಕಟೆ ಆಪರೇಷನ್ ಮಾಡುತ್ತಾರೆ, ಅವರಿಗೆ ತೋರಿಸಿ ಅಂದರು. ನರ್ಸಮ್ಮ, ವಯಸ್ಸಾದ ಹೆಂಗಸು, ನನಗೆ ಬಿಡಿಸಿ ಹೇಳಿದರು: "ಬರೋರು ಬಾಳ ಜನ, ಕರ್ಕಂಡು ಹೋಗೋದು ಸ್ವಲ್ಪ ಜನನ. ಅದಕ್ಕೆ ಎಲ್ಲರನ್ನೂ ಒಂದಿಷ್ಟು ಪ್ರಶ್ನೆ ಕೇಳ್ತಾರೆ. ಉತ್ತರಕ್ಕೆ ಮಾರ್ಕು ಹಾಕ್ತಾರೆ. ಯಾರಿಗೆ ಬಾಳ ತೊಂದ್ರೆ ಐತೋ ಅವರು ಮೊದಲು."

ನನಗೆ ಧೈರ್ಯ ಬಂತು. ತೊಂದರೆಯಲ್ಲಿ ನಮ್ಮನ್ನು ಮೀರಿಸುವವರು ಯಾರಿದ್ದಾರೆ ಅಂದುಕೊಂಡೆ.

ಬೆಂಗಳೂರಿನವರು ಬಂದ ದಿನ ಆಸ್ಪತ್ರೆಯ ಮುಂದಿನ ಬೇವಿನಮರದ ಕೆಳಗೆ ಜನವೋ ಜನ. ಹಿರಿಯೂರು ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದವರಿದ್ದರು. ಪ್ರಶ್ನೆ ಕೇಳಲು ಕೂತಿದ್ದವರು ಒಬ್ಬ ಚಿಕ್ಕ ಡಾಕ್ಟರು. ಆಗತಾನೇ ಓದು ಮುಗಿಸಿದ ಹಾಗಿತ್ತು. ಬೆಳಗಿನಿಂದ ಕೇಳಿ ಕೇಳಿ ಗಂಟಲು ಕಟ್ಟಿತ್ತು. ಮುಂದೆ ಅಚ್ಚಾದ ಹಾಳೆ. ಇಂಗ್ಲಿಷಿನಲ್ಲಿ ಮಾಡಿದ್ದ ಪ್ರಶ್ನೆಗಳನ್ನು ಯಾರೋ ಪಂಡಿತರ ಹತ್ತಿರ ಕನ್ನಡಕ್ಕೆ ತರಿಸಿದ್ದರಂತೆ. ಒಂದೊಂದು ಪ್ರಶ್ನೆಯ ಪಕ್ಕ ಗುರುತು ಹಾಕಲು ಮೂರು ಚೌಕ.

ಇವರನ್ನು ಬೆಂಚಿನ ಮೇಲೆ ಮಲಗಿಸಿದ್ದೆವು. ಇವರು ಅಂಗಿಯ ಗುಂಡಿ ಹಾಕಿಸಿಕೊಂಡು, ಕೂದಲು ಬಾಚಿಸಿಕೊಂಡು, ಮೊಣಕೈ ಊರಿ ತಲೆ ಎತ್ತಿಕೊಂಡರು. ದೊಡ್ಡ ಮನುಷ್ಯರ ಮುಂದೆ ಇವರು ಯಾವಾಗಲೂ ಹಾಗೆ.

ಚಿಕ್ಕ ಡಾಕ್ಟರು ಓದಿದರು: "ತಮ್ಮ ಊರುಸಂಧಿಯಲ್ಲಿ ವೇದನೆ ಇದೆಯೇ?"

ಇವರು ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ನಮ್ಮತ್ತೆ ಮುಂದೆ ಬಂದು ಕೈಮುಗಿದು, "ಊರ ಸಂದಿನಾಗೆ ಅಲ್ಲ ಸ್ವಾಮಿ, ಬಸ್ ಸ್ಟ್ಯಾಂಡ್ನಾಗೆ ಬಿದ್ದಿದ್ದು" ಅಂದರು.

ಹಿಂದೆ ನಿಂತಿದ್ದವರು ನಕ್ಕರು. ಚಿಕ್ಕ ಡಾಕ್ಟರಿಗೆ ನಗಲೂ ತ್ರಾಣ ಇರಲಿಲ್ಲ. "ತೊಡೆಯ ಕೀಲು ಅಜ್ಜಿ, ತೊಡೆಯ ಕೀಲು," ಅಂದು ಇವರ ಕಡೆ ತಿರುಗಿ, "ನೋವು ಎಷ್ಟಿದೆ? ಅಲ್ಪವೋ, ಮಿತವೋ, ತೀವ್ರವೋ?" ಅಂದರು.

"ಸುಮಾರೈತೆ ಸಾರ್," ಅಂದರು ಇವರು.

ನಮ್ಮ ಕಡೆ ಗಂಡಸು ನೋವು ಸುಮಾರೈತೆ ಅಂದರೆ ತಡೆಯುವಷ್ಟು ತಡೆದಾಯಿತು, ಇನ್ನಾಗದು ಎಂದು ಅರ್ಥ. ಆ ಡಾಕ್ಟರು ಯಾವ ಊರಿನವರೋ, ಅವರಿಗೆ ಅದು ಹಾಗೂ ಅಲ್ಲ ಹೀಗೂ ಅಲ್ಲ ಎಂದು ಕೇಳಿಸಿರಬೇಕು. ನಡುವಿನ ಚೌಕಕ್ಕೆ ಗುರುತು ಹಾಕಿದರು.

"ಸೋಪಾನಗಳನ್ನು ಏರುವಾಗ ಕೈಗಂಬಿಯ ಆಧಾರ ಬೇಕಾಗುತ್ತದೆಯೇ?"

ಸೋಪಾನ ಎಂದರೆ ಮೆಟ್ಟಿಲು ಎಂದು ಇವರಿಗೆ ಗೊತ್ತಿತ್ತು. ಗೊತ್ತಿದೆ ಎಂಬ ಸಂತೋಷ ಮುಖದಲ್ಲಿ ಕಂಡಿತು. "ನಮ್ಮ ಮನೆ ನೆಲಮಟ್ಟದ್ದು ಸಾರ್. ಸೋಪಾನ ಇಲ್ಲ."

"ತೊಂದರೆ ಇಲ್ಲ ಅಂತೀರಾ?"

"ಇಲ್ಲ ಸಾರ್."

"ಕಾಲುಚೀಲ ಧರಿಸುವಲ್ಲಿ ಅಡಚಣೆ?"

"ಅವನ್ನ ನಾನು ಹಾಕಲ್ಲ ಸಾರ್."

"ಅಡಚಣೆ ಇಲ್ಲ," ಎಂದು ಅವರೇ ಹೇಳಿಕೊಂಡು ಗುರುತು ಹಾಕಿದರು. ಬಯಲಿಗೆ ಹೇಗೆ ಹೋಗುತ್ತೀರಿ, ಕುಕ್ಕರುಗಾಲಲ್ಲಿ ಕೂರುತ್ತೀರಾ ಎಂದು ಕೇಳುತ್ತಾರೆಂದು ನಾನು ಕಾಯುತ್ತಿದ್ದೆ. ಅಂಥ ಪ್ರಶ್ನೆ ಆ ಹಾಳೆಯಲ್ಲಿ ಇರಲಿಲ್ಲ. ಅದನ್ನು ಮೊದಲು ಮಾಡಿದವರ ದೇಶದಲ್ಲಿ ಯಾರೂ ಹಾಗೆ ಕೂರುವುದಿಲ್ಲವೇನೋ.

ಕೊನೆಗೆ ಕೇಳಿದರು: "ದೈನಂದಿನ ಕ್ರಿಯೆಗಳಿಗೆ ಅನ್ಯರ ನೆರವು ಅಗತ್ಯವೇ?"

ಇವರು ತಲೆಯನ್ನು ಇನ್ನಷ್ಟು ಮೇಲೆತ್ತಿದರು. "ಇಲ್ಲ ಸಾರ್. ಅನ್ಯರ ನೆರವನ್ನ ನಾನು ಯಾವತ್ತೂ ಬೇಡಿಲ್ಲ. ಬೇಡೋದೂ ಇಲ್ಲ."

ಆ ಮಾತು ಕೇಳಿ ನನಗೆ ಎದೆ ತುಂಬಿತು. ನಿಜವಲ್ಲವೇ? ನಮ್ಮ ಮನೆಗೆ ಅನ್ಯರು ಯಾರು ಬಂದಿದ್ದರು? ಇವರನ್ನು ಹೊತ್ತಿದ್ದು ನಾನು, ತೊಳೆದಿದ್ದು ನಾನು, ನಾನಿಲ್ಲದಾಗ ನಮ್ಮತ್ತೆ. ಯಾರ ಹಂಗೂ ಇಲ್ಲದೆ ನಡೆಸಿಕೊಂಡು ಬಂದೆವಲ್ಲ ಎಂದು ಹೆಮ್ಮೆಪಟ್ಟೆ. ನಮ್ಮತ್ತೆಯೂ ಹೌದೆಂದು ತಲೆಯಾಡಿಸಿದರು.

ಸಂಜೆ ನರ್ಸಮ್ಮ ಹೆಸರು ಕೂಗಿದರು. ಇವರ ಹೆಸರು ಬರಲಿಲ್ಲ. ಇನ್ನೊಂದು ಸಲ ಕೂಗಬಹುದೆಂದು ಕಾದೆವು. ಹೆಸರು ಬಂದವರು ಒಳಗೆ ಹೋದರು. ಅವರಲ್ಲಿ ಒಬ್ಬರು ಕೋಲೂರಿಕೊಂಡು ತಾವೇ ನಡೆದು ಹೋದರು. ಅದನ್ನು ನೋಡಿ ನಾನು ನರ್ಸಮ್ಮನ ಸೆರಗು ಹಿಡಿದುಕೊಂಡೆ.

"ನಿಮ್ಮವರು ಎಲ್ಲಾದಕ್ಕೂ ಇಲ್ಲ ಇಲ್ಲ ಅಂದವ್ರಲ್ಲಮ್ಮ," ಅಂದರು ಅವರು. "ನೋವು ಅಷ್ಟಿಲ್ಲ, ಮೆಟ್ಟಿಲು ತೊಂದ್ರೆ ಇಲ್ಲ, ಯಾರ ಸಹಾಯನೂ ಬ್ಯಾಡ. ಅಂಥವರನ್ನ ಹೆಂಗೆ ಮೊದಲು ಕರ್ಕಂಡು ಹೋಗ್ತಾರೆ?"

"ನಾನು ಹೊತ್ಕಂಡು ಬಂದಿದ್ದು ಕಾಣ್ಲಿಲ್ವೇನ್ರಿ ಅವರಿಗೆ?"

"ಅವರು ನೋಡೋದು ಹಾಳೇನ. ಮತ್ತೆ ಬರ್ತಾರೆ, ಆವಾಗ ಬರ್ರಿ," ಅಂದು ಕೈ ಬಿಡಿಸಿಕೊಂಡರು. ಒರಟಾಗಿ ಅಲ್ಲ. ಅವರ ಸೆರಗು ಹಿಡಿದುಕೊಂಡವರು ಇನ್ನೂ ಇದ್ದರು.

ಮತ್ತೆ ಯಾವಾಗ ಬರುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಇವರು ಕಣ್ಣು ಮುಚ್ಚಿಕೊಂಡಿದ್ದರು. ಯಾರು ಮಾತಾಡಿಸಿದರೂ ನಗಲಿಲ್ಲ.

ಆಮೇಲೆ ಇವರು ನೀರು ಕುಡಿಯುವುದನ್ನು ಕಡಿಮೆ ಮಾಡಿದರು. ಮೊದಲು ನನಗೆ ತಿಳಿಯಲಿಲ್ಲ. ಮುದ್ದೆ ಅರ್ಧಕ್ಕೇ ಬಿಡುವರು, ಮಜ್ಜಿಗೆ ಬೇಡ ಅನ್ನುವರು, ಚೊಂಬಿನಲ್ಲಿ ಇಟ್ಟ ನೀರು ಸಂಜೆಯೂ ಹಾಗೇ ಇರುವುದು. ನಾಲಿಗೆ ಒಣಗಿ ತುಟಿ ಒಡೆದಿತ್ತು. ಹೊರಗೆ ಹೋಗುವುದು ಕಡಿಮೆಯಾಗಲಿ, ನನ್ನ ಬೆನ್ನು ಹತ್ತುವುದು ಕಡಿಮೆಯಾಗಲಿ ಎಂದು ಹಾಗೆ ಮಾಡುತ್ತಿದ್ದರು. ಉರಿಮೂತ್ರ ಶುರುವಾಗಿ ಜ್ವರ ಬಂದಾಗ ನಮ್ಮತ್ತೆ ಚೊಂಬು ಹಿಡಿದುಕೊಂಡು ಮಗನ ತಲೆದೆಸೆಯಲ್ಲಿ ಕೂತರು.

"ಕುಡಿ ಮಗ."

"ಬ್ಯಾಡ ಕಣವ್ವ."

"ನಿಮ್ಮಪ್ಪಂಗೂ ನಾನೇ ಕೊನೇ ನೀರು ಬಿಟ್ಟಿದ್ದು. ನಿಂಗೂ ಬಿಡಿಸ್ತೀಯೇನಪ್ಪ?"

ಇವರು ಕುಡಿದರು. ಆದರೆ ನಾನು ಕೊಟ್ಟರೆ ಕುಡಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದ್ದನ್ನು ನೋಡಿ, "ಲೇ, ನೀನು ತವರಿಗೆ ಹೋಗು," ಅಂದರು. "ಮಕ್ಕಳು ಮರಿ ಆಗಿಲ್ಲ. ಯಾರೂ ಏನೂ ಅನ್ನಲ್ಲ. ನಿಂಗೂ ಒಂದು ಬದುಕು ಐತೆ."

ನಾನು ಶೇಂಗಾ ಚೀಲ ಎಳೆದುಕೊಂಡೆ. ಒಂದು ಕಾಯನ್ನೂ ಸುಲಿಯಲಾಗಲಿಲ್ಲ. ಇವರು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ನನ್ನ ಮನಸ್ಸಿನ ಒಂದು ಮೂಲೆ ಕೇಳುತ್ತಿತ್ತು. ಅದು ಕೇಳುತ್ತಿದೆ ಎಂಬುದಕ್ಕೇ ನನಗೆ ಭಯವಾಯಿತು.

ನಾನು ಹೋಗಲಿಲ್ಲವೆಂದು ಇವರೇ ಡ್ರೈವರ್ ಕೈಲಿ ಹಿರಿಯೂರು ಕಡೆಗೆ ಹೇಳಿಕಳಿಸಿದರು. ನನ್ನ ತವರು ಅಲ್ಲಿ, ಕುರಿ ಸಾಕುವ ಮನೆ. ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದಾಗಲೇ ನನಗೆ ವಿಷಯ ಗೊತ್ತಾಗಿದ್ದು. ಅಪ್ಪ ಬಹಳ ಹೊತ್ತು ಅಳಿಯನ ಪಕ್ಕ ಕೂತಿದ್ದ. ಆಮೇಲೆ ನನ್ನನ್ನು ಹೊರಗೆ ಕರೆದು, "ಏನು ಮಾಡ್ತೀಯವ್ವ? ಹೋಗಾಣ ಅಂದ್ರೆ ಹೋಗಾಣ. ಇರ್ತೀನಿ ಅಂದ್ರೆ ಇರು. ನಾನು ಯಾವುದಕ್ಕೂ ಬಲವಂತ ಮಾಡಲ್ಲ," ಅಂದ.

"ಇರ್ತೀನಿ ಕಣಪ್ಪ," ಅಂದೆ. ಧೈರ್ಯದಿಂದ ಅಂದ ಮಾತಲ್ಲ. ಹೋದರೆ ನಾಳೆ ಬೆಳಗಿನ ಜಾವ ಇವರನ್ನು ಯಾರು ಎತ್ತುತ್ತಾರೆ ಎಂಬ ಒಂದೇ ಯೋಚನೆ ತಲೆಯಲ್ಲಿತ್ತು.

ಮರುದಿನ ಬೆಳಿಗ್ಗೆ ನಾನು ಇವರನ್ನು ಎತ್ತಲು ಬಗ್ಗಿದಾಗ ಅಪ್ಪ ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿದ. ಕಾಲು ಮುರಿದ ಕುರಿಯನ್ನು ಎತ್ತುವ ಹಾಗೆ, ನೋವಾಗದಂತೆ ಒಂದು ಕೈ ಕೆಳಗೆ ಕೊಟ್ಟು, ಇವರನ್ನು ಎದೆಗೆ ಎತ್ತಿಕೊಂಡ. "ಬ್ಯಾಡ ಮಾವ, ಬ್ಯಾಡ ಮಾವ," ಎಂದು ಇವರು ಕೂಗಿಕೊಂಡರು. ಹೆಣ್ಣು ಕೊಟ್ಟ ಮಾವನ ಕೈಯಲ್ಲಿ ಅಂಥ ಕೆಲಸ ಮಾಡಿಸಿಕೊಳ್ಳುವುದೆಂದರೆ ಆ ಕಾಲದಲ್ಲಿ ಸತ್ತ ಹಾಗೆ. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ವಾಪಸ್ಸು ತಂದು ಮಲಗಿಸಿದ ಮೇಲೆ ಇವರು ಗೋಡೆ ಕಡೆ ತಿರುಗಿ ದನಿ ತೆಗೆದು ಅತ್ತರು. ಬಿದ್ದ ದಿನದಿಂದ ಅವತ್ತಿನವರೆಗೆ ಅತ್ತಿರಲಿಲ್ಲ. ಅಪ್ಪ ಬಾಗಿಲ ಹೊರಗೆ ನಿಂತು ಬೀಡಿ ಹಚ್ಚಲು ನೋಡಿದ. ಕಡ್ಡಿ ಹತ್ತಲಿಲ್ಲ.

ಅಪ್ಪ ಊರಿಗೆ ಹೋಗಲಿಲ್ಲ. ಕುರಿಗಳನ್ನು ನನ್ನ ತಮ್ಮಂದಿರಿಗೆ ಬಿಟ್ಟು ನಮ್ಮಲ್ಲೇ ಉಳಿದ. ಬೆಂಗಳೂರಿನವರು ಮತ್ತೆ ಬರುತ್ತಾರೆಂದು ಡ್ರೈವರ್ ಸುದ್ದಿ ತರುವ ಹೊತ್ತಿಗೆ ಬೇಸಿಗೆ ಮುಗಿದು, ಜೋಗಿಮಟ್ಟಿ ಬೆಟ್ಟದ ಕಡೆ ಮೋಡ ಇಳಿಯುತ್ತಿತ್ತು. ಇವರು ಬರುವುದಿಲ್ಲ ಅಂದರು. ಅಪ್ಪ ಇವರನ್ನು ಕೇಳಲೇ ಇಲ್ಲ, ಎತ್ತಿಕೊಂಡು ಬಸ್ಸಿಗೆ ಹತ್ತಿಸಿದ.

ಅದೇ ಬೇವಿನಮರ, ಅದೇ ಚಿಕ್ಕ ಡಾಕ್ಟರು, ಅದೇ ಹಾಳೆ. ನೋವಿನ ಪ್ರಶ್ನೆ ಬಂದಾಗ ಇವರು ಮತ್ತೆ ಸುಮಾರು ಅಂದರು. ನಾನು ಬಾಯಿ ಹಾಕಿ, "ತಡಿಯಾಕೆ ಆಗಲ್ಲ ಸ್ವಾಮಿ, ಹಲ್ಲು ಕಡೀತಾರೆ," ಅಂದೆ. ಚಿಕ್ಕ ಡಾಕ್ಟರು, "ರೋಗಿಯೇ ಹೇಳಬೇಕಮ್ಮ. ನಾವು ಮಾತು ಬದಲಾಯಿಸುವ ಹಾಗಿಲ್ಲ," ಅಂದರು. ಮೆಟ್ಟಿಲು ಬಂತು, ಕಾಲುಚೀಲ ಬಂತು. ಹಾಳೆ ಹೋದ ಸಲದ ಹಾಗೇ ತುಂಬುತ್ತಾ ಬಂತು. ಈ ಸಲವೂ ಹೋಯಿತು ಅಂದುಕೊಂಡೆ.

"ದೈನಂದಿನ ಕ್ರಿಯೆಗಳಿಗೆ ಅನ್ಯರ ನೆರವು ಅಗತ್ಯವೇ?"

"ಇಲ್ಲ ಸಾರ್."

ಹೋದ ಸಲ ನರ್ಸಮ್ಮ ಹೇಳಿದ ಮಾತು ಆಗ ನೆನಪಾಯಿತು: ಯಾರ ಸಹಾಯನೂ ಬ್ಯಾಡ ಅಂದವ್ರೆ. ಯಾರ ಸಹಾಯವೂ.

"ಸ್ವಾಮಿ, ಒಂದು ಮಾತು. ಅನ್ಯರು ಅಂದ್ರೆ ಯಾರು?"

ಅವರು ಪೆನ್ನು ಹಿಡಿದುಕೊಂಡೇ ತಲೆಯೆತ್ತಿದರು. "ಅನ್ಯರು ಅಂದರೆ... ಬೇರೆಯವರು. ರೋಗಿಯನ್ನು ಬಿಟ್ಟು ಯಾರಾದರೂ."

"ಹೆಂಡ್ತಿನೂ?"

"ಹೆಂಡತಿಯೂ ಸೇರಿ. ತಾಯಿಯೂ. ಯಾರೇ ಆದರೂ."

"ಹಂಗಾದ್ರೆ ತಪ್ಪಾತು ಸ್ವಾಮಿ. ಇವರು ನಾನಿಲ್ದೆ ಮಗ್ಗುಲು ಬದಲಾಯ್ಸಲ್ಲ. ಹೊರಗಡೆಗೆ ನಾನು, ಇಲ್ಲ ನಮ್ಮಪ್ಪ ಹೊತ್ಕಂಡು ಹೋಗ್ತೀವಿ."

ಅವರು ಇವರ ಕಡೆ ನೋಡಿದರು. "ಹೌದೇನ್ರಿ?"

ಇವರ ಕುತ್ತಿಗೆಯ ನರ ಉಬ್ಬಿತ್ತು. ಆಮೇಲೆ, "ಅದನ್ನ ಬರ್ಕಬ್ಯಾಡ್ರಿ ಸಾರ್," ಅಂದರು. "ಆಕೆ ಅನ್ಯಳಲ್ಲ. ನನ್ನ ಹೆಂಡ್ತಿ."

"ಅಯ್ಯೋ, ಹಾಗಲ್ಲ ಇವರೇ. ಪ್ರಶ್ನೆ ಕೇಳೋದು..."

"ಗೊತ್ತಾತು ಸಾರ್ ನೀವು ಏನು ಕೇಳ್ತಿದೀರಿ ಅಂತ. ಹೆಂಡ್ತಿ ಮಾಡಿದ್ದನ್ನ ಅನ್ಯರು ಮಾಡಿದ್ದು ಅಂತ ನನ್ನ ಬಾಯಾಗೆ ಬರಲ್ಲ."

ಹಿಂದಿನ ಸಾಲಿನವರು ಗೊಣಗಲು ಶುರುಮಾಡಿದರು. ಹೊತ್ತು ಏರಿತ್ತು. ಚಿಕ್ಕ ಡಾಕ್ಟರು ಏನು ಮಾಡುವುದೆಂದು ತಿಳಿಯದೆ ಹಾಳೆ ನೋಡುತ್ತಾ ಕೂತರು. ನಾನು ಬೆಂಚಿನ ಪಕ್ಕ ನೆಲಕ್ಕೆ ಕುಕ್ಕರಿಸಿ ಇವರ ಮುಖದ ಹತ್ತಿರ ಮುಖ ತಂದೆ. ನಾಲ್ಕು ಜನರ ಮುಂದೆ ಗಂಡನ ಜೊತೆ ಹಾಗೆ ಮಾತಾಡಿದ್ದು ಅದೇ ಮೊದಲು.

"ರೀ, ಹೂಂ ಅಂದುಬಿಡ್ರಿ. ಇವತ್ತು ಒಂದು ದಿನ ನಾನು ಅನ್ಯಳೇ ಆಗ್ತೀನಿ. ನಂಗೇನೂ ಬೇಜಾರಿಲ್ಲ. ನನ್ನ ಬೆನ್ನು ಮುಗಿದೈತೆ ಕಣ್ರಿ. ಇನ್ನು ನನ್ನ ಕೈಲಾಗಲ್ಲ."

ನನ್ನ ಕೈಲಾಗಲ್ಲ ಎಂದು ಅದುವರೆಗೆ ಇವರ ಮುಂದೆ ನಾನು ಹೇಳಿರಲಿಲ್ಲ. ಹೇಳಬಾರದೆಂದೇ ಇದ್ದೆ. ಬಾಯಿಂದ ಬಂದುಬಿಟ್ಟಿತು. ಇವರು ನನ್ನನ್ನು ನೋಡಿದರು, ನನ್ನ ಹಿಂದೆ ಕಂಬಳಿ ಹೊದ್ದು ನಿಂತಿದ್ದ ಅಪ್ಪನನ್ನು ನೋಡಿದರು.

"ಬೇಕು ಸಾರ್," ಅಂದರು. "ನೆರವು ಬೇಕು. ಎಲ್ಲಾದಕ್ಕೂ ಬೇಕು."

ಚಿಕ್ಕ ಡಾಕ್ಟರು ಗುರುತು ಹಾಕಿದರು. ಆಮೇಲೆ ಹಾಳೆಯನ್ನು ಪಕ್ಕಕ್ಕಿಟ್ಟು, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, "ಬೆಳಿಗ್ಗೆ ಎದ್ದಾಗಿಂದ ಹೇಳಿ. ಮೊದಲು ಏನು ಮಾಡ್ತೀರಿ?" ಅಂದರು. ಇವರು ಕಣ್ಣು ಮುಚ್ಚಿಕೊಂಡು ಹೇಳಿದರು. ಜಾಲಿಗಿಡ, ಕಲ್ಲು, ನೀರು ಕುಡಿಯದೇ ಇದ್ದದ್ದು, ಮಾವ ಎತ್ತಿದ್ದು, ಎಲ್ಲ. ಪೇಪರಿನ ಭಾಷೆಯಲ್ಲಿ ಹೇಳಲಿಲ್ಲ. ಚಿಕ್ಕ ಡಾಕ್ಟರು ಹಾಳೆಯ ಹಿಂಭಾಗಕ್ಕೆ ಇಂಗ್ಲಿಷಿನಲ್ಲಿ ಬರೆದುಕೊಂಡರು. ನಾನು ಅಲ್ಲಿ ನಿಲ್ಲಲಾರದೆ ಎದ್ದು ಮರದ ಆಚೆ ಹೋದೆ.

ಸಂಜೆ ಹೆಸರು ಬಂತು.

ಬೆಂಗಳೂರಿಗೆ ಹೋದಾಗ ಅಲ್ಲಿಯ ದೊಡ್ಡ ಡಾಕ್ಟರು ಹೊಸ ಎಕ್ಸರೇಯನ್ನು ಬೆಳಕಿಗೆ ಹಿಡಿದು ನೋಡಿ, ಬೇಗ ಬಂದಿದ್ದರೆ ಇವರದೇ ಮೂಳೆಯನ್ನು ಮೊಳೆ ಹಾಕಿ ಕೂಡಿಸಬಹುದಿತ್ತು, ಈಗ ಗುಂಡು ಸತ್ತುಹೋಗಿದೆ, ತೆಗೆದು ಉಕ್ಕಿನ ಗುಂಡು ಹಾಕಬೇಕು ಅಂದರು. ಎಷ್ಟು ಬೇಗ ಎಂದು ನಾನು ಕೇಳಲಿಲ್ಲ. ಹೋದ ಸಲವೇ ಕರೆದಿದ್ದರೆ ಸಾಕಾಗುತ್ತಿತ್ತೋ, ಅದಕ್ಕೂ ಮೊದಲೇ ಹೊತ್ತು ಮೀರಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳಿ ತಿಳಿದುಕೊಂಡು ಬದುಕುವ ಶಕ್ತಿ ನನಗಿರಲಿಲ್ಲ.

ಆಪರೇಷನ್ ಆಯಿತು. ಗಾಯ ಕೀವು ಕಟ್ಟಿತು. ಮತ್ತೆ ಕುಯ್ದರು. ಜ್ವರದಲ್ಲಿ ಇವರು ಟಿಕೆಟ್ ಹರಿಯುತ್ತಿದ್ದರು, ಹೊಸದುರ್ಗ, ಹೊಳಲ್ಕೆರೆ ಎಂದು ಊರು ಕೂಗುತ್ತಿದ್ದರು. ವಾರ್ಡಿನಲ್ಲಿ ಹೆಂಗಸರು ಉಳಿಯುವ ಹಾಗಿರಲಿಲ್ಲ. ನಾನು ಹೊರಗೆ ಜಗಲಿಯ ಮೇಲೆ ಸೆರಗು ಹಾಸಿಕೊಂಡು ಮಲಗುತ್ತಿದ್ದೆ. ಒಳಗೆ ಇವರನ್ನು ನೋಡಿಕೊಳ್ಳಲು ಆಸ್ಪತ್ರೆಯ ಆಳುಗಳಿದ್ದರು. ಇವರು ಅವರ ಹತ್ತಿರ ನೀರು ಕೇಳಿ ಕುಡಿಯುತ್ತಿದ್ದರು. ನಾನು ಭೇಟಿಯ ಹೊತ್ತಿನಲ್ಲಿ ಒಳಗೆ ಹೋದರೆ ಏನೂ ಬೇಡ ಅನ್ನುತ್ತಿದ್ದರು. ತಲೆದಿಂಬು ಸರಿಮಾಡಲು ಕೈ ಚಾಚಿದರೆ, "ಇರಲಿ, ಅವರು ಮಾಡ್ತಾರೆ," ಅನ್ನುತ್ತಿದ್ದರು. ಸಿಟ್ಟಿನಿಂದಲ್ಲ. ನನ್ನ ಕೈಲಾಗಲ್ಲ ಎಂದ ಮಾತನ್ನು ಇವರು ನನ್ನಿಂದ ಬಂದ ಅಪ್ಪಣೆಯ ಹಾಗೆ ಪಾಲಿಸುತ್ತಿದ್ದರು. ಹಾಗಲ್ಲ ಎಂದು ಹೇಳಲು ಎಷ್ಟೋ ಸಲ ಮಂಚದ ಹತ್ತಿರ ನಿಂತೆ. ಪಕ್ಕದ ಮಂಚಗಳಲ್ಲಿ ಜನ ಇದ್ದರು. ಗಂಟೆ ಹೊಡೆಯುತ್ತಿತ್ತು, ಹೊರಗೆ ಬರುತ್ತಿದ್ದೆ.

ಊರಿಗೆ ಹೊರಟಾಗ ಚಳಿಗಾಲ. ಬೆಂಗಳೂರಿನ ರೈಲಿನಲ್ಲಿ ಬಂದು ಚಿಕ್ಕಜಾಜೂರಿನಲ್ಲಿ ಇಳಿದು ಚಿತ್ರದುರ್ಗದ ಗಾಡಿಗೆ ಕಾಯಬೇಕು. ಕಂಕುಳಲ್ಲಿ ಊರುಗೋಲು ಇಟ್ಟುಕೊಂಡು ಇವರು ಪ್ಲಾಟ್‌ಫಾರಂ ಮೇಲೆ ನಡೆದರು. ಕಾಲು ಗಿಡ್ಡವೇ, ಆದರೆ ನೆಲ ಮುಟ್ಟುತ್ತಿತ್ತು. ನಾನು ಗಂಟು ಹಿಡಿದುಕೊಂಡು ಹಿಂದೆ ಹಿಂದೆ ಹೋದೆ. ಬಿದ್ದರೆ ಹಿಡಿಯಬೇಕೆಂದು ಒಂದು ಕೈ ಖಾಲಿ ಇಟ್ಟುಕೊಂಡಿದ್ದೆ. ಇವರಿಗೆ ಅದು ಗೊತ್ತಿತ್ತು. ತಿರುಗಿ ನೋಡಲಿಲ್ಲ.

ಮನೆ ತಲುಪಿದಾಗ ನಮ್ಮತ್ತೆ ಮುದ್ದೆ, ಹುರುಳಿಕಾಳಿನ ಸಾರು ಮಾಡಿಟ್ಟಿದ್ದರು. ಅಷ್ಟು ದಿನ ಮನೆಗೆ ಆಸರೆಯಾಗಿ ಅಲ್ಲೇ ಉಳಿದಿದ್ದ ಅಪ್ಪ ಈಗ ಊರಿಗೆ ಹೊರಡಲೆಂದು ಕಾಯುತ್ತಿದ್ದ. "ಕುಂತ್ಕಳಪ್ಪ, ಹಸಿದಿರ್ತೀಯ," ಎಂದು ನಮ್ಮತ್ತೆ ಚಾಪೆ ಹಾಸಿ ತಟ್ಟೆ ಇಟ್ಟರು. ಇವರು ಚಾಪೆಯ ಮುಂದೆ ನಿಂತೇ ಇದ್ದರು. ನೆಲದ ಮೇಲೆ ಕೂತರೆ ಉಕ್ಕಿನ ಗುಂಡು ಕೀಲಿನಿಂದ ಜಾರುತ್ತದೆ, ಈ ಜನ್ಮದಲ್ಲಿ ನೆಲದ ಮೇಲೆ ಕೂರಬೇಡಿ ಎಂದು ಬೆಂಗಳೂರಿನಲ್ಲಿ ಹೇಳಿ ಕಳಿಸಿದ್ದರು. ಅದನ್ನು ನಾವು ಮನೆಗೆ ಹೇಳಿಕಳಿಸಿರಲಿಲ್ಲ.

"ನಾನು ನಿಂತ್ಕಂಡೇ ಉಣ್ತೀನವ್ವ," ಅಂದರು ಇವರು. ಗೋಡೆಗೆ ಒರಗಿ ಒಂದು ಊರುಗೋಲು ಪಕ್ಕಕ್ಕಿಟ್ಟು ಕೈ ಚಾಚಿದರು.

ನಮ್ಮತ್ತೆ ತಟ್ಟೆ ಎತ್ತಿ ಕೊಡದೆ, ಅದನ್ನು ಎದೆಯ ಮಟ್ಟಕ್ಕೆ ಎರಡೂ ಕೈಯಲ್ಲಿ ಹಿಡಿದುಕೊಂಡು ಮಗನ ಮುಂದೆ ನಿಂತರು. ಇವರು ಬೇಡ ಅನ್ನಲಿಲ್ಲ. ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. ಇನ್ನೊಂದು ಮುರಿದರು. ಅತ್ತೆಯದು ವಯಸ್ಸಾದ ಕೈ, ನಡುಗಲು ಶುರುವಾಯಿತು, ಸಾರು ತಟ್ಟೆಯ ಅಂಚಿಗೆ ಬಂತು. ನಾನು ಹೋಗಿ ತಟ್ಟೆಯ ಈ ಕಡೆ ಹಿಡಿದೆ. ಇವರು ತಲೆಯೆತ್ತದೆ ಉಣ್ಣುತ್ತಲೇ ಇದ್ದರು. ಉಂಡು ಮುಗಿಯುವವರೆಗೆ ಮೂವರೂ ಹಾಗೇ ನಿಂತಿದ್ದೆವು. ಅಪ್ಪ ಬಾಗಿಲಲ್ಲಿ ಕಂಬಳಿ ಹೆಗಲಿಗೆ ಹಾಕಿಕೊಂಡು, "ನಾನಿನ್ನು ಬರ್ತೀನಿ," ಅಂದ. "ಬ್ಯಾಡ ಮಾವ, ಊಟ ಮಾಡ್ಕಂಡು ಹೋಗ್ರಿ," ಅಂದರು ಇವರು.